ಅರ್ಧ ಮೀಸೆ

ನಮ್ಮ ಸೋದರಮಾವ ಕ್ಷೌರದ ಕತ್ತಿ ಹಿಡಿದು ನಲವತ್ತು ವರ್ಷವಾಯಿತು. ಕುರ್ಚಿಯಲ್ಲಿ ಕೂತವರನ್ನು ಅವರು ಅರ್ಧ ಕೆಲಸಕ್ಕೇ ಎಬ್ಬಿಸಿದ್ದು ಒಂದೇ ಸಲ, ಅದೂ ಸ್ವಂತ ಬಾಮೈದನನ್ನು. ಅಂಥ ಎದೆಗಾರಿಕೆ ನಮ್ಮ ಮನೆತನದಲ್ಲಿ ಇನ್ನೊಬ್ಬರಿಗಿಲ್ಲ. ನ್ಯಾಯದ ಮಾತಿಗೇನು, ಎಲ್ಲರಿಗೂ ಬರುತ್ತದೆ.

ಅಂದು ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಬಾಮೈದ ಬಂದು ಕೂತ. ಹುರಿಮೀಸೆಯೇ ಅವನ ಗುರುತು. ಅದನ್ನೇ ಬೋಳಿಸಲು ಹೇಳಿದ. ಮಾವ ನೊರೆ ಹಚ್ಚಿ ಎಡಭಾಗ ತೆಗೆದರು. ಆಗ ಅವನು ಕನ್ನಡಿ ನೋಡುತ್ತಲೇ, "ಭಾವ, ಪಕ್ಕದ ಮನೆಯವನಿಗೆ ಚಾಕು ಹಾಕ್ಬಿಟ್ಟೆ. ಬೇಗ ಮುಗಿಸಿ, ಯಾರೂ ಗುರುತು ಹಿಡೀಬಾರ್ದು" ಎಂದ.

ಮಾವ ಕತ್ತಿ ಮಡಚಿದರು. "ಇಷ್ಟು ತೆಗೆದಾಗ ನಂಗೆ ಗೊತ್ತಿರ್ಲಿಲ್ಲ. ಇನ್ನೊಂದು ಕೂದ್ಲು ತೆಗೆದ್ರೂ ನಾನು ನಿನ್ನ ಜೊತೆಗಾರ ಆಗ್ತೀನಿ. ಏಳು, ಸ್ಟೇಷನ್ನಿಗೆ ಹೋಗೋಣ."

ಅರ್ಧ ಮೀಸೆ ಹೊತ್ತು ಎಲ್ಲಿಗೆ ಓಡುವುದು? ಅವನು ತೆಪ್ಪಗೆ ಹಿಂದೆ ನಡೆದ.

ನ್ಯಾಯಾಲಯದಲ್ಲಿ ಮಾವ ಸಾಕ್ಷಿ ಹೇಳುವಾಗ ಬಾಮೈದನ ಪರ ವಕೀಲರು, ಗುರುತು ಅಳಿಸಲು ಕೈಹಾಕಿದ ನೀವೂ ಆರೋಪಿಯೇ ಅಲ್ಲವೇ ಎಂದು ಕೆಣಕಿದರು. ಮಾವ ತಮ್ಮ ಮೂಗಿನ ಕೆಳಗೆ ನಟ್ಟನಡುವೆ ಬೆರಳಿಟ್ಟರು. "ಸ್ವಾಮಿ, ಇಲ್ಲೀತನಕ ನನ್ನ ಕಸುಬು. ಇದರಾಚೆ ಹೋಗಿದ್ರೆ ಅಪರಾಧ."

ಇರಿತಕ್ಕೊಳಗಾದವನು ಬದುಕಿದ. ಬಾಮೈದನಿಗೆ ಆರು ವರ್ಷ ಜೈಲಾಯಿತು. ಅಷ್ಟೂ ವರ್ಷ ಅತ್ತೆ ಗಂಡನ ಮುಂದೆ ತಟ್ಟೆ ಇಟ್ಟು, ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಬಿಡುಗಡೆಯಾದ ಬಾಮೈದ ಅಂಗಡಿಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತಾಗ, ಮಾವ ಕುರ್ಚಿಯನ್ನು ಬಟ್ಟೆಯಿಂದ ಒರೆಸಿದರು.

"ಬಾರೋ, ಕೂತ್ಕೋ. ನಿಂದು ಅರ್ಧ ಕೆಲಸ ಬಾಕಿ ಇದೆ."