ಮಾವ ಕಂಪ್ಯೂಟರಿನ ಜೊತೆ ಮಾತಾಡಿದ್ದು

ನಾನು ನೆಲೋಗಿಯಿಂದ ಆಳಂದಕ್ಕೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಗಂಡ ಮತ್ತು ಮಾವ ಇಬ್ಬರೇ ಇದ್ದರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಗಂಡ ಬೆಳಗಿನ ಕ್ಲಾಸು ಮುಗಿಸಿ ಹೊರಬಿದ್ದರೆ ಮತ್ತೆ ಮನೆ ಕಾಣುತ್ತಿದ್ದುದು ಸಂಜೆಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವ. ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಜಗಳವೇನೂ ಅಲ್ಲ, ಅದು ಪದ್ಧತಿ. ಸೊಸೆಯಾದವಳು ಮಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡಬಾರದು, ಕೂಡಬಾರದು, ಮುಖ ನೋಡಿ ಮಾತಾಡಬಾರದು. ಮಾವನೂ ಸೊಸೆಯನ್ನು ಕರೆದು ಏನನ್ನೂ ಕೇಳುವಂತಿಲ್ಲ. ಅವರಿಗೆ ಚಹಾ ಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು: "ಈಗ ಚಹಾ ಆದ್ರ ಚೊಲೊ ಇತ್ತು." ನಾನು ಕಪ್ಪು ಬಸಿ ತಂದು ಕಿಟಕಿಯಲ್ಲಿಟ್ಟು, ಬಳೆ ಸಪ್ಪಳ ಮಾಡಿ ಒಳಗೆ ಹೋಗುತ್ತಿದ್ದೆ. ತವರಿನಲ್ಲಿ ನಾನು ಬಾಯಿಬಡುಕಿ ಎಂದೇ ಹೆಸರಾದವಳು. ಅಪ್ಪನ ಜೊತೆ ವಾದ ಮಾಡದೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇಲ್ಲಿ ನೋಡಿದರೆ ಇಡೀ ಹಗಲು ಬಾಯಿಗೆ ಬೀಗ. ಸೀರೆ ಬೇಡ, ಬಂಗಾರ ಬೇಡ, ಈ ಮನುಷ್ಯ ಒಮ್ಮೆ ನನ್ನ ಕಡೆ ನೋಡಿ ಒಂದು ಮಾತಾಡಿದರೆ ಸಾಕು ಅನ್ನಿಸುತ್ತಿತ್ತು. ಅದು ಆಗುವ ಹೋಗುವ ಮಾತಲ್ಲ ಎಂದೂ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆಳಂದದಂಥ ಊರಲ್ಲೂ ಕಂಪ್ಯೂಟರ್ ಕ್ಲಾಸುಗಳು ತಲೆ ಎತ್ತಿದ್ದವು. ನನ್ನ ಗಂಡ ಪಡಸಾಲೆಯಲ್ಲೇ ಎರಡು ಕಂಪ್ಯೂಟರ್ ಇಟ್ಟು ಕಲಿಸುತ್ತಿದ್ದರು. ಖಜೂರಿಯಿಂದ, ಕಡಗಂಚಿಯಿಂದ ಹುಡುಗರು ಬಸ್ಸು ಹಿಡಿದು ಬರುತ್ತಿದ್ದರು. ಜೇವರ್ಗಿಯಲ್ಲಿ ಟೈಪಿಂಗ್ ಕಲಿತಿದ್ದ ನನಗೆ ಆ ಯಂತ್ರ ಬೇಗ ಕೈಗೆ ಹತ್ತಿತು. ಗಂಡ ಇಲ್ಲದ ಹೊತ್ತಿನಲ್ಲಿ ಹುಡುಗರಿಗೆ ನಾನೇ ಮೇಡಂ.

ಆ ವರ್ಷ ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಮಾವ ಎರಿ ಹೊಲದ ಕರಿಮಣ್ಣಿನ ಕೆಸರಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಎರಿ ಮಣ್ಣು ಹಸಿಯಾದರೆ ಮನುಷ್ಯರನ್ನೂ ಬಿಡುವುದಿಲ್ಲ, ಎತ್ತುಗಳನ್ನೂ ಬಿಡುವುದಿಲ್ಲ. ತೊಡೆಯತನಕ ಪ್ಲಾಸ್ಟರು ಬಿತ್ತು. ಒಳಗಿನ ಕೋಣೆಯಲ್ಲಿ ಮಂಚ ಹಾಕುತ್ತೇವೆ ಎಂದರೆ ಕೇಳಲಿಲ್ಲ. "ನನ್ನ ಮಂಚ ಮೊದಲಿಂದ ಪಡಸಾಲ್ಯಾಗೇ ಅದ. ಬೇಕಾದ್ರ ನಿನ್ನ ಡಬ್ಬಿಗೋಳು ಸರೀಲಿ" ಎಂದು ಮಗನಿಗೆ ಹೇಳಿದರು. ಡಬ್ಬಿಗಳು ಸರಿದವು. ಗೋಡೆ ಪಕ್ಕ ಮಾವನ ಮಂಚ, ಅದರ ಎದುರಿಗೇ ಕಂಪ್ಯೂಟರು. ಆ ಸಲದ ಬಿತ್ತನೆಯನ್ನು ಪಾಲಿಗೆ ಮಾಡುವವರ ಕೈಗೆ ಬಿಟ್ಟು ಮಾವ ಗೋಡೆ ನೋಡುತ್ತ ಮಲಗಿದರು. ತನ್ನ ಕೈಯಾರೆ ಬಿತ್ತಲಾಗದ ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಕೇಳುವ ಹಾಗಿರಲಿಲ್ಲ.

ಅದೇ ದಿನಗಳಲ್ಲಿ ಗಂಡನ ಗೆಳೆಯರೊಬ್ಬರು ಸೊಲ್ಲಾಪುರದಿಂದ ಫ್ಲಾಪಿಗಳಲ್ಲಿ ಒಂದು ಒಕ್ಕಲುತನದ ಆಟ ತಂದು ಹಾಕಿಕೊಟ್ಟರು. ಪರದೆಯ ಮೇಲೆ ಒಂದು ಹೊಲ, ಒಂದು ಬಾವಿ, ಒಂದು ಎತ್ತು, ಒಂದು ಗೋದಾಮು. ಉಳಬೇಕು, ಬಿತ್ತಬೇಕು, ನೀರು ಹಾಕಬೇಕು, ಕೊಯ್ದು ಚೀಲ ತುಂಬಿ ಗೋದಾಮಿಗೆ ಹಾಕಬೇಕು. ಮನೆಯ ಹೊಲಕ್ಕೆ ಬಾ ಎಂದರೆ ಹೊಟ್ಟೆನೋವು ಬರುವ ಹುಡುಗರೆಲ್ಲ ಇದಕ್ಕೆ ಮುಗಿಬಿದ್ದರು. ಮುಗಿಬಿದ್ದವರೆಲ್ಲ ಬೈಯುತ್ತಲೇ ಎದ್ದು ಹೋಗುತ್ತಿದ್ದರು. ಆಟದಲ್ಲಿ ಅಷ್ಟು ಹುಳುಕಿತ್ತು. ಬಾವಿಯಲ್ಲಿ ನೀರು ಕಂಡರೂ ಹತ್ತು ಸಲ ಕೀಲಿ ಒತ್ತದೆ ಕೊಡ ತುಂಬುತ್ತಿರಲಿಲ್ಲ. ಎತ್ತು ಬೇಲಿಯ ಮೂಲೆಗೆ ಹೋದರೆ ಅಲ್ಲೇ ಸಿಕ್ಕಿಬಿದ್ದು ನಿಂತಲ್ಲೇ ಕಾಲು ಆಡಿಸುತ್ತಿತ್ತು. ಒಬ್ಬ ಹುಡುಗ ಅಳುವುದೊಂದು ಬಾಕಿ: "ಮೇಡಂ, ಮಳಿ ಬಂದ್ರ ಬೆಳಿ ಒಣಗಾಕತ್ತದ್ರಿ. ಇದನ್ನ ಮಾಡ್ದಾಂವ ಯಾವೂರಾಂವ ಇರ್ಬೇಕ್ರಿ?"

ಒಂದು ಮಧ್ಯಾಹ್ನ ಹುಡುಗರಿರಲಿಲ್ಲ. ಮಾವನಿಗೆ ನಿದ್ದೆ ಹತ್ತಿದೆ ಎಂದುಕೊಂಡು ನಾನು ಆಟ ತೆರೆದೆ. ಅವರ ಮುಂದೆ ಕೂಡುವಂತಿಲ್ಲವಲ್ಲ, ನಿಂತುಕೊಂಡೇ ಆಡುತ್ತಿದ್ದೆ. ಎತ್ತು ಹೋಗಿ ಮೂಲೆಗೆ ಬಿತ್ತು. ನಾನು ಯಾವ ಕೀಲಿ ಒತ್ತಿದರೂ ಸರಿಯಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಪೆಟ್ಟಿಗೆಯ ತಲೆಗೆ ಒಂದು ಬಾರಿಸಿದೆ.

"ಡಬ್ಬೀ, ಬಡಿಸ್ಕೊಂಡ್ರ ಏನ್ ಬಂತು?" ಹಿಂದಿನಿಂದ ಮಾವನ ದನಿ. "ಮೊದಲ ನೊಗ ಬಿಚ್ಚಬೇಕು. ನೊಗ ಹೊತ್ತ ಎತ್ತು ಹಿಂದಕ್ಕ ಸರೀತದೇನು?"

ಅವರು ಮಾತಾಡಿದ್ದು ಕಂಪ್ಯೂಟರಿನ ಜೊತೆ, ನನ್ನ ಜೊತೆ ಅಲ್ಲ. ಕಂಬ ಉತ್ತರ ಕೊಟ್ಟಿದ್ದನ್ನು ಯಾರೂ ಕೇಳಿಲ್ಲ. ಆದರೆ ಕಂಪ್ಯೂಟರಿಗೆ ನಾನು ಮೇಡಂ, ಅದರ ಜೊತೆ ನಾನು ಮಾತಾಡಿದರೆ ಯಾರು ಬೇಡ ಅಂತಾರೆ? ನೊಗ ಬಿಚ್ಚುವ ಕೀಲಿ ಹುಡುಕಿ ಒತ್ತಿದೆ. ಎತ್ತು ಹಿಂದೆ ಸರಿಯಿತು. ನಾನು ಪರದೆಯನ್ನೇ ನೋಡುತ್ತ, "ಬಂತ್ರಿ, ಎತ್ತು ಹೊರಗ ಬಂತು" ಎಂದೆ.

"ಹಾಂ, ಅದಕ್ಕ ಈಗ ನೀರು ಕುಡಿಸ್ಲಿ" ಎಂದರು ಮಾವ, ಪರದೆಗೇ.

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಮಾವ ಕೆಮ್ಮುತ್ತಿದ್ದರು, ನಾನು ಆಟ ತೆರೆಯುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ದಿನ, "ಡಬ್ಬೀ, ನಿನ್ನ ಮುಂದ ಕುರ್ಚಿ ಖಾಲಿ ಅದ. ನಿಂತು ನಿಂತು ಮಂದಿ ಕಾಲು ನೋಯಂಗಿಲ್ಲೇನು?" ಎಂದರು. ನಾನು ಕುರ್ಚಿಯ ತುದಿಗೆ, ಬಿದ್ದೇನೋ ಎನ್ನುವಷ್ಟು ತುದಿಗೆ ಕುಳಿತೆ.

ಮೊದಲ ಬೆಳೆಯನ್ನು ನಾವು ಕಳೆದುಕೊಂಡಿದ್ದು ನಮ್ಮ ಜಾಣತನದಿಂದಲೇ. ನಮ್ಮ ಕಡೆ ಎರಿ ಹೊಲಕ್ಕೆ ಮಳೆಗಾಲದಲ್ಲಿ ಬೀಜ ಹಾಕುವುದಿಲ್ಲ. ಮಣ್ಣಿಗೆ ಹೊಟ್ಟೆ ತುಂಬ ಮಳೆ ಕುಡಿಸಿ, ಮೇಲಿಂದ ಮೇಲೆ ಕುಂಟೆ ಹೊಡೆದು ಕಸ ತೆಗೆದು ಕಾಯುತ್ತಾರೆ. ಮಳೆ ಹಿಂದೆ ಸರಿದ ಮೇಲೆ ಜೋಳ ಬಿತ್ತುತ್ತಾರೆ. ಮಣ್ಣಿನೊಳಗಿನ ಹಸಿ ಮತ್ತು ಚಳಿಗೇ ಜೋಳ ಬರುತ್ತದೆ. ನಾವಿಬ್ಬರೂ ಹುಟ್ಟಿದಾಗಿನಿಂದ ಕಂಡಿದ್ದು ಅದನ್ನೇ. ಆಟದ ಹೊಲವನ್ನೂ ಹಾಗೇ ಖಾಲಿ ಬಿಟ್ಟು ಕುಂಟೆ ಹೊಡೆದೆವು. ಪರದೆಯ ಮೇಲೆ 'ಬೀಜ ಬಿತ್ತು, ಬೀಜ ಬಿತ್ತು' ಎಂದು ಕೆಂಪಕ್ಷರ ಮಿನುಗುತ್ತಿತ್ತು. "ಅದಕ್ಕೇನ್ ತಿಳೀತದ, ಹೊಡೀಲಿ ಇನ್ನೊಂದು ಕುಂಟಿ" ಎನ್ನುತ್ತಿದ್ದರು ಮಾವ. ಆಟದಲ್ಲಿ ಜೋಳ ಇರಲಿಲ್ಲ. ಚಳಿಗಾಲ ಬರುವ ಹೊತ್ತಿಗೆ ಇದ್ದ ಬಟಾಟಿ ಬೀಜವನ್ನೆಲ್ಲ, ಅಂದರೆ ಆಲೂಗಡ್ಡೆಯನ್ನು, ಬಿತ್ತಿದೆವು. ಆಟದ ಲೆಕ್ಕದಲ್ಲಿ ಮರುದಿನ ಬೆಳಕು ಹರಿದರೆ ಹೊಲವೆಲ್ಲ ಬೆಳ್ಳಗಾಗಿತ್ತು.

ಮಾವ ಮೊಣಕೈ ಊರಿ ಎದ್ದರು. "ಅಯ್ಯೋ, ಹೊಲ ಸವಳು ಹಿಡೀತಲ್ಲ. ಉಪ್ಪೆದ್ದದ."

"ಉಪ್ಪಲ್ರಿ, ಬರ್ಫ್ ಬಿದ್ದದ. ಬಟಾಟಿ ಎಲ್ಲಾ ಸತ್ತಾವಂತ ಬರ್ದದ."

ಮಾವ ಪರದೆಯ ಕಡೆ ಬಗ್ಗಿ ನೋಡಿದರು. "ಬರ್ಫಿನ ದೇಶದಾಗ ಕುಂತು ಆಟ ಮಾಡ್ಯಾರ. ಆಳಂದದಾಗ ಆಡಂದ್ರ ಹ್ಯಾಂಗ?" ಎಂದು ನಗತೊಡಗಿದರು. ಪ್ಲಾಸ್ಟರಿನ ಕಾಲು ಅಲುಗಿ ನೋವಾದರೂ ನಗು ನಿಲ್ಲಲಿಲ್ಲ. ನಾನೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ಆ ಮನೆಗೆ ಬಂದ ಮೇಲೆ ಮಾವ ನಕ್ಕಿದ್ದನ್ನು ಕೇಳಿದ್ದು ಅದೇ ಮೊದಲು.

ಎರಡನೆಯ ಬೆಳೆಗೆ ನಾವು ತಗ್ಗಿ ನಡೆದೆವು. ಆಟ ಹೇಳಿದ ಕಾಲಕ್ಕೆ ಗೋಧಿ ಬಿತ್ತಿದೆವು. ಅದು ಹಿಮ ಬಿದ್ದರೂ ಬದುಕುವ ಗೋಧಿ. ದಿನಾ ನೀರು ಹಾಕಬೇಕಿತ್ತು. ಹೊಲಕ್ಕೆ ಕೊಡದಿಂದ ನೀರು ಹೊಯ್ಯುವುದನ್ನು ನೋಡಿ ಮಾವನಿಗೆ ಮೈ ಉರಿಯುತ್ತಿತ್ತು, ಆದರೂ ತಡೆದುಕೊಂಡರು. ನೀರು ಹಾಕುವ ಆ ಬೇಸರದ ಹೊತ್ತಿನಲ್ಲಿ ಮಾತು ಬೆಳೆಯಿತು, ಎಲ್ಲವೂ ಡಬ್ಬಿಯ ಮೂಲಕ. ನೆಲೋಗಿಯ ಕಡೆ ತೊಗರಿ ಹ್ಯಾಂಗ ಬರ್ತದಂತೆ, ಎಂದು ಡಬ್ಬಿಯನ್ನು ಕೇಳುತ್ತಿದ್ದರು. ನಾನು ಡಬ್ಬಿಗೆ ಅಪ್ಪನ ಹೊಲದ ಕತೆ ಹೇಳುತ್ತಿದ್ದೆ. ಒಂದು ದಿನ ಅತ್ತೆಯ ಸುದ್ದಿ ತೆಗೆದರು. ಆಕೆ ಬುತ್ತಿ ಹೊತ್ತು ಹೊಲಕ್ಕೆ ಬಂದರೆ ಬದುವಿನ ಆ ತುದಿಯಿಂದಲೇ ಹಾಡು ಕೇಳುತ್ತಿತ್ತಂತೆ. ಮಾವನ ತಂದೆ ಹೊಲದಲ್ಲಿದ್ದರೆ ಮಾತ್ರ ಹಾಡು ನಿಲ್ಲುತ್ತಿತ್ತಂತೆ. "ನಮ್ಮಪ್ಪ ಆಕಿ ದನಿ ಕೇಳದೇ ಸತ್ತ" ಎಂದರು. ನಾನು ಗೋಧಿಗೆ ನೀರು ಹಾಕುತ್ತಲೇ ಇದ್ದೆ, ಪರದೆ ಮಂಜುಮಂಜಾಗಿ ಕಾಣುತ್ತಿತ್ತು.

ಗೋಧಿ ಬಂಗಾರದ ಬಣ್ಣಕ್ಕೆ ಬಂತು. ಕೊಯ್ದೆವು, ಚೀಲ ತುಂಬಿದೆವು. ಒಂದೊಂದೇ ಚೀಲ ಎತ್ತಿ ಗೋದಾಮಿಗೆ ಹಾಕುತ್ತ ಹೋದೆ. ಮಾವ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದರು. ಕೊನೆಯ ಚೀಲ ಎತ್ತಿದ ಕ್ಷಣ ಪರದೆ ಕಲ್ಲಾಯಿತು. ಎತ್ತು ಕಾಲೆತ್ತಿದ್ದು ಹಾಗೇ ನಿಂತಿತು. ಕಾದೆ, ಕೀಲಿಗಳನ್ನೆಲ್ಲ ಒತ್ತಿದೆ. ಕೊನೆಗೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಗೋಧಿ ಇಲ್ಲ, ಚೀಲ ಇಲ್ಲ, ಗೋದಾಮೂ ಇಲ್ಲ. ಬರೀ ಮಣ್ಣು.

ನನಗೆ ಎಲ್ಲಿತ್ತೋ ಸಿಟ್ಟು, ಕುರ್ಚಿ ತಳ್ಳಿ ಗರ್ರನೆ ತಿರುಗಿದೆ. "ನೋಡ್ರಿ ಮಾವ್ರೀ, ಎಲ್ಲಾ ನುಂಗ್ತು ನೋಡ್ರಿ ಇದು. ಎಷ್ಟು ನೀರು ಹಾಕಿದ್ವಿ ನಾವು."

ಸೆರಗು ಹೆಗಲಿಗೆ ಬಿದ್ದಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಅವರು ನನ್ನ ಮುಖವನ್ನು. ನಂತರ ಅವರು ಮೆಲ್ಲಗೆ ಗೋಡೆಯ ಕಡೆ ಹೊರಳಿದರು. ನಾನು ಸೆರಗು ಎಳೆದುಕೊಂಡು ಅಡುಗೆಮನೆಗೆ ಓಡಿದೆ.

ಸಂಜೆ ಬಂದ ಹುಡುಗರು, ಅದು ಎಲ್ಲರಿಗೂ ಹಾಗೇ ಆಗುತ್ತದೆ, ಕೊನೆಯ ಚೀಲ ಎತ್ತಿದರೆ ಆಟ ಸಾಯುತ್ತದೆ ಎಂದರು. ಕಂಪ್ಯೂಟರೂ ಮೊಂಡು ಹಿಡಿಯತೊಡಗಿದ್ದರಿಂದ ಗಂಡ ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಿದರು. ಆಟ ಹೋಯಿತು. ಫ್ಲಾಪಿಗಳೂ ಕೆಟ್ಟಿದ್ದವು. ಮಧ್ಯಾಹ್ನ ಮಾವ ಕೆಮ್ಮುವುದನ್ನು ಬಿಟ್ಟರು. ಪಡಸಾಲೆಯಲ್ಲಿ ಮತ್ತೆ ಮೌನ. ಮುಖ ನೋಡಿ ಮಾತಾಡಿ ಇದ್ದದ್ದನ್ನೂ ಕೆಡಿಸಿಕೊಂಡೆನೇ ಎಂದು ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಹೋಗಿದ್ದು ಗೋಧಿಯಾಗಿದ್ದರೆ ನಾನು ಅಳುತ್ತಿರಲಿಲ್ಲ.

ಪ್ಲಾಸ್ಟರು ತೆಗೆದರು. ಮಾವ ಕೋಲು ಊರಿ ಅಂಗಳದಲ್ಲಿ ನಡೆಯತೊಡಗಿದರು. ಅಷ್ಟರಲ್ಲಿ ಜೋಳ ಸೀತನಿಗೆ ಬಂದಿತ್ತು, ಎಳೆಯ ತೆನೆ ಸುಟ್ಟು ಬಿಸಿಬಿಸಿ ತಿನ್ನುವ ದಿನಗಳು. ಅಫಜಲಪುರದಿಂದ ಮಾವನ ಅಕ್ಕ ಬಂದಿದ್ದರು. ಪದ್ಧತಿಯ ವಿಷಯದಲ್ಲಿ ಅವರದು ಹದ್ದಿನ ಕಣ್ಣು. ಬೆಳಿಗ್ಗೆ ಬಾಗಿಲಲ್ಲಿ ಗಾಡಿ ಹೂಡಿ ನಿಂತಿತ್ತು. ಅಕ್ಕ ತಮ್ಮ ಇಬ್ಬರೂ ಹೊಲಕ್ಕೆ ಹೊರಟಿದ್ದರು. ನಾನು ಒಳಗೆ ಅವರಿಗೆ ಬುತ್ತಿ ಕಟ್ಟುತ್ತಿದ್ದೆ.

ಕೋಲಿನ ಸಪ್ಪಳ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತು. ನಾನು ಎದ್ದು ಗೋಡೆಗೆ ಸರಿದೆ. ಮಾವ ಒಲೆಗೂ ಹೇಳಲಿಲ್ಲ, ಬಾಗಿಲಿಗೂ ಹೇಳಲಿಲ್ಲ. ನನ್ನ ಮುಖ ನೋಡಿದರು.

"ಯವ್ವಾ, ನೀನೂ ನಡಿ ಹೊಲಕ್ಕ. ಜ್ವಾಳ ಹ್ಯಾಂಗ ನಿಂತದ ನಿನಗ ತೋರಿಸ್ತೇನಿ."

ಹಿಂದೆ ನಿಂತಿದ್ದ ಅಕ್ಕನವರು ಗಲ್ಲಕ್ಕೆ ಕೈ ಹಚ್ಚಿದರು. "ಇದ್ಯಾವ ಹೊಸಾ ರೂಢಿ ತಗದಿ ತಮ್ಮಾ? ಸೊಸಿ ಕೂಡ ಹಿಂಗ ಎದುರಿಗೆ ನಿಂತು ಮಾತಾಡ್ತಾರೇನು?"

"ಇಬ್ರೂ ಕೂಡಿ ಎರಡು ಬೆಳಿ ಕಳಕೊಂಡೇವಿ ಅಕ್ಕಾ" ಎಂದರು ಮಾವ. "ಇನ್ನೂ ಹ್ಯಾಂಗ ಮಾತಾಡ್ದೇ ಇರೂದು?"

ಅಕ್ಕನವರಿಗೆ ಏನೂ ತಿಳಿಯಲಿಲ್ಲ. ನಾನು ಮುಖ ತಗ್ಗಿಸದೆ, "ಬರ್ತೇನ್ರಿ ಮಾವ್ರೀ" ಎಂದೆ.

"ಹಂಗಾದ್ರ ಇನ್ನೊಂದು ನಾಕು ರೊಟ್ಟಿ ಜಾಸ್ತಿ ಕಟ್ಟು" ಎಂದರು. "ದಾರಿತುಂಬ ಮಾತಾಡೂದದ. ಹಸಿವಾಗ್ತದ."