ಮಡಿಗೆ ಆಗುವ ಕಿವಿಮೆತ್ತೆ

ಹೆಡ್‌ಫೋನಿನ ಕಿವಿಮೆತ್ತೆಯಷ್ಟು ನಾಚಿಕೆಗೆಟ್ಟು ಹಾಳಾಗುವ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಮುರಿಯುವುದಾದರೆ ಮುರಿಯಬೇಕು, ಹರಿಯುವುದಾದರೆ ಹರಿಯಬೇಕು. ಇದು ಎರಡೂ ಅಲ್ಲ. ದಿನಕ್ಕಿಷ್ಟು ಎಂದು ಸುಲಿಯುತ್ತದೆ. ಮೊದಲು ಅಂಚಿನಲ್ಲಿ ಬಿರುಕು, ಆಮೇಲೆ ಕರಿ ಹೊಟ್ಟು, ಕೊನೆಗೆ ಒಳಗಿನ ಹಳದಿ ಸ್ಪಂಜು ಹಲ್ಲು ಕಿರಿದುಕೊಂಡು ಹೊರಗೆ. ನಮ್ಮ ಮನೆಯಲ್ಲಿ ಆ ಕರಿ ಹೊಟ್ಟು ಮೊದಲು ಕಂಡದ್ದು ಅತ್ತೆಯ ಕೆನ್ನೆಯ ಮೇಲೆ, ಮರುದಿನ ಬೆಂಡೆಕಾಯಿ ಪಲ್ಯದಲ್ಲಿ. ಹೆಂಡತಿ ಅದನ್ನು ಸಾಸಿವೆ ಎಂದುಕೊಂಡು ಅರ್ಧ ಊಟ ಮುಗಿಸಿದ್ದಳು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕಾರ್ಕಳದ ಪುರೋಹಿತರೊಬ್ಬರನ್ನು ಮದುವೆಯಾಗಿ ಹೋಗಿದ್ದವರು, ಅವರು ತೀರಿಕೊಂಡ ಮೇಲೆ ಕಾಪುವಿನ ನಮ್ಮ ಮನೆಗೆ ಬಂದರು. ಈಗ ಎಂಬತ್ತು ದಾಟಿದೆ. ಬೆಳಿಗ್ಗೆ ಸ್ನಾನ ಮಾಡಿ ಮಡಿ ಸೀರೆ ಉಟ್ಟರೆಂದರೆ, ಅಡುಗೆಯಾಗಿ ದೇವರಿಗೆ ನೈವೇದ್ಯ ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಬೆಕ್ಕು ಮುಟ್ಟಿದರೆ ತೊಂದರೆಯಿಲ್ಲ, ನಾನು ಮುಟ್ಟಿದರೆ ಮತ್ತೆ ಸ್ನಾನ. ಈ ವಿಷಯದಲ್ಲಿ ಮನೆಯ ಬೆಕ್ಕಿಗಿರುವ ಸ್ಥಾನ ನನಗಿಲ್ಲ.

ಅವರ ಕಿವಿ ಮಂದವಾಗಿ ಹತ್ತು ವರ್ಷವಾಯಿತು. ಕಿವಿಯ ಮೆಷಿನ್ ಹಾಕಿಸಿದರೆ ಕಿತ್ತು ಡ್ರಾಯರಿನಲ್ಲಿಟ್ಟರು. ಆಗ ನಾನು ತಂದುಕೊಟ್ಟದ್ದು ಈ ದೊಡ್ಡ ವೈರಿನ ಹೆಡ್‌ಫೋನು. ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೋ ಇಟ್ಟು, ಪೂರ್ತಿ ಸೌಂಡ್ ಕೊಟ್ಟು, ಕಿವಿಗೆ ಇದನ್ನು ಏರಿಸಿ ಅವರು ಕಾಯಿ ತುರಿಯುತ್ತಿದ್ದರು. ಬೆಳಗಿನ ಚಿಂತನ, ವಾರ್ತೆ, ಪೇಟೆ ಧಾರಣೆ, ಮಧ್ಯಾಹ್ನದ ಸಿನಿಮಾ ಹಾಡು, ಎಲ್ಲ ಬೇಕು. ಊಟಕ್ಕೆ ಕುಳಿತಾಗ ದೆಹಲಿಯ ಮಂತ್ರಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯುತ್ತಿದ್ದರು. ಪ್ಲಾಸ್ಟಿಕ್ಕಿಗೆ ಮೈಲಿಗೆ ಇಲ್ಲ ಎಂಬ ಶಾಸ್ತ್ರವನ್ನು ಅವರೇ ಮಾಡಿಕೊಂಡಿದ್ದರು. ಬೆಳಿಗ್ಗೆ ಹೆಡ್‌ಫೋನಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಅದು ಮಡಿ. ನನಗೆ ನಗು ಬರುತ್ತಿತ್ತು. ಮಡಿಗಿಡಿ ಎಲ್ಲ ನನಗೆ ಮೊದಲಿನಿಂದಲೂ ಕಾಲಕಸ.

ನನ್ನ ಕೆಲಸ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ಸಂಬಳ ಕೊಡುತ್ತಾರಾದ್ದರಿಂದ ಮನುಷ್ಯಜಾತಿಯ ಮೇಲೆ ನನಗೆ ಹೆಚ್ಚು ಗೌರವ ಉಳಿದಿಲ್ಲ. ಉಳಿದಿದ್ದ ಸ್ವಲ್ಪವೂ ಆ ಹೆಡ್‌ಫೋನು ಹಿಡಿದುಕೊಂಡು ಅಂಗಡಿ ಹತ್ತಿದ ದಿನ ಹೋಯಿತು. ಮಣಿಪಾಲದ ಮೊಬೈಲ್ ಅಂಗಡಿಯ ಯಜಮಾನ ಅದನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದ.

"ಇದಕ್ಕೆ ಪಾರ್ಟ್ಸ್ ಬರುವುದಿಲ್ಲ ಸರ್. ಹೊಸತು ತಗೊಳ್ಳಿ."

"ಹಾಳಾದದ್ದು ಮೆತ್ತೆ ಮಾತ್ರ ಮಾರಾಯ್ರೆ. ಹಾಡು ಚೆಂದ ಬರ್ತಾ ಉಂಟು."

"ಈಗ ವೈರಿನದ್ದು ಯಾರು ಹಾಕ್ತಾರೆ? ಬ್ಲೂಟೂತ್ ನೋಡಿ, ಕಿವಿಯೊಳಗೆ ಕೂತರೆ ಗೊತ್ತೇ ಆಗುವುದಿಲ್ಲ."

ಕಿವಿಯೊಳಗೆ ಕೂರುವಂಥದ್ದನ್ನು ಹೆಂಡತಿ ಮೊದಲೇ ಅತ್ತೆಗೆ ಹಾಕಿ ನೋಡಿದ್ದಳು. ಇರುವೆ ಹೊಕ್ಕ ಹಾಗೆ ಆಗ್ತದೆ ಎಂದು ಅವರು ತಲೆ ಕೊಡವಿದ್ದರು. ಅದೆಲ್ಲ ಈ ಯಜಮಾನನಿಗೆ ವಿವರಿಸುವ ಕರ್ಮ ನನಗೆ ಬೇಕಿರಲಿಲ್ಲ. ಒಂದು ವಸ್ತುವಿನ ಹತ್ತರಲ್ಲಿ ಒಂದು ಪಾಲು ಸವೆದರೆ ಉಳಿದ ಒಂಬತ್ತು ಪಾಲನ್ನೂ ಗುಂಡಿಗೆ ಎಸೆಯಿರಿ ಎನ್ನುವವರನ್ನು ನಾವು ವ್ಯಾಪಾರಿಗಳು ಎಂದು ಕರೆಯುತ್ತೇವೆ. ನಾನು ಹೊರಟು ಹೋಗದೆ ಕೌಂಟರಿಗೆ ಒರಗಿ ನಿಂತೇಬಿಟ್ಟೆ. ನನ್ನನ್ನು ಸಾಗಹಾಕಲು ಬೇರೆ ದಾರಿ ಕಾಣದೆ ಅವನು ಮೊಬೈಲಿನಲ್ಲಿ ಹುಡುಕಿ, ಅಳತೆ ನೋಡಿ, ಒಂದು ಜೊತೆ ಮೆತ್ತೆಗೆ ಆರ್ಡರು ಹಾಕಿದ. ವಾರದಲ್ಲಿ ಬಂತು. ಪ್ಯಾಕೆಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಲೆದರ್ ಎಂದು ಬರೆದಿತ್ತು. ಅದು ರೆಕ್ಸಿನ್ ಎಂದು ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು.

ಆ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಕೆಲಸಕ್ಕೆ ಇಳಿದೆ. ಹಳೆಯ ಮೆತ್ತೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ ಕಿತ್ತೆ. ಬಟ್ಟಲಿನ ಸುತ್ತ ಒಂದು ಸಣ್ಣ ತೋಡು ಇರುತ್ತದೆ, ಹೊಸ ಮೆತ್ತೆಯ ತೆಳು ಅಂಚನ್ನು ಎಳೆದು ಅದರೊಳಗೆ ಕೂರಿಸಬೇಕು. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಒಂದು ಗಂಟೆ ಹಿಡಿಯಿತು. ಮುಗಿದಾಗ ನನ್ನಂಥ ಕುಶಲಿ ಈ ಜಿಲ್ಲೆಯಲ್ಲೇ ಇಲ್ಲ ಎನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮುಟ್ಟದ ಹಾಗೆ ಸ್ಟೂಲಿನ ಮೇಲಿಟ್ಟೆ. ಅತ್ತೆ ನೀರು ಚಿಮುಕಿಸಿ ಕಿವಿಗೆ ಏರಿಸಿಕೊಂಡರು. ಅವರ ಮುಖ ಅರಳಿತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಆದರೆ ನನ್ನ ಪ್ರತಾಪ ಕೊಚ್ಚಬೇಕಲ್ಲ. ಅವರು ಹೆಡ್‌ಫೋನು ಸರಿಸಿ, "ಲಾಯ್ಕುಂಟು, ಎಂತದ್ದು ಇದು, ರಬ್ಬರಾ?" ಎಂದು ಕೇಳಿದಾಗ, "ರಬ್ಬರಲ್ಲ ಅತ್ತೆ, ಲೆದರ್" ಎಂದೆ. ಕೇಳಿಸಲಿಲ್ಲ. "ಲೆದರ್, ಒರಿಜಿನಲ್ ಲೆದರ್" ಎಂದು ಕೂಗಿದೆ. ಹಾಗೆಂದರೆ ಎಂತ ಎಂದರು. "ಚರ್ಮ" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಆಚೆ ಮನೆಯವರಿಗೂ ಕೇಳಿರಬೇಕು.

ಅತ್ತೆ ಹೆಡ್‌ಫೋನನ್ನು ಸ್ಟೂಲಿನ ಮೇಲಿಟ್ಟರು. ಒಲೆ ಆರಿಸಿ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಬೆಂದ ಬೇಳೆ, ಮಾಡಿಟ್ಟ ಪಲ್ಯ ಎಲ್ಲ ದನಕ್ಕೆ ಹೋಯಿತು. ಮತ್ತೆ ಮೊದಲಿಂದ ಅಡುಗೆಯಾಗಿ ಊಟವಾದಾಗ ಗಂಟೆ ಮೂರು.

ನಾನು ಬಿಡಲಿಲ್ಲ. ಅದು ಬರೀ ಪ್ಲಾಸ್ಟಿಕ್ಕು, ಹೆಸರಿಗೆ ಮಾತ್ರ ಲೆದರ್ ಎಂದೆ. "ಬೆಳಿಗ್ಗೆ ಚರ್ಮ ಅಂದವ ನೀನೇ ಅಲ್ವಾ? ಈಗ ನಿನಗೆ ಬೇಕಾದ ಹಾಗೆ ತಿರುಗಿಸ್ತೀಯಾ?" ಎಂದರು. ಮಾವ ಜಪಕ್ಕೆ ಕೂರುತ್ತಿದ್ದದ್ದು ಜಿಂಕೆ ಚರ್ಮದ ಮೇಲೆ, ದೇವಸ್ಥಾನದಲ್ಲಿ ಬಡಿಯುವ ಚಂಡೆಯೂ ಚರ್ಮವೇ ಎಂದೆ. "ಅದು ಬೇರೆ, ಇದು ಬೇರೆ" ಎಂದರು. ಜಗತ್ತಿನ ಅರ್ಧ ಮೂರ್ಖತನ ನಿಂತಿರುವುದೇ ಈ ಮಾತಿನ ಮೇಲೆ. ನನಗೆ ತಲೆ ಕೆಟ್ಟಿತು. "ಹಾಗಾದರೆ ಕೇಳದೆ ಬಿದ್ದಿರಿ" ಎಂದು ಹೇಳಿ ಎದ್ದೆ. ಆ ಮಾತು ಮಾತ್ರ ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.

ಆಮೇಲೆ ಅವರು ನಿಜವಾಗಿಯೂ ಕೇಳದೆ ಇದ್ದರು. ರೇಡಿಯೋ ಮೇಲೆ ಬಟ್ಟೆ ಹೊದಿಸಿದರು. ಊಟಕ್ಕೆ ಕುಳಿತರೆ ಮಂತ್ರಿಗಳ ಸುದ್ದಿಯಿಲ್ಲ, ಬೈಗಳಿಲ್ಲ. ಯಾರು ಏನು ಹೇಳಿದರೂ ಮುಖ ನೋಡಿ ಸಣ್ಣಗೆ ನಗುವುದು, ತಲೆಯಾಡಿಸುವುದು. ಒಂದು ದಿನ ಹಿರಿಯಡ್ಕದಲ್ಲಿದ್ದ ಅವರ ನಾದಿನಿ ತೀರಿಕೊಂಡ ಸುದ್ದಿ ಬಂತು. ಹೆಂಡತಿ ಹತ್ತಿರ ಹೋಗಿ ಹೇಳಿದಳು. ಅತ್ತೆ ನಕ್ಕು, "ಒಳ್ಳೇದಾಯ್ತು, ಬರ್ಲಿಕ್ಕೆ ಹೇಳು" ಎಂದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮನುಷ್ಯರು ಹೀಗೆ ಸ್ವಲ್ಪ ಸ್ವಲ್ಪವಾಗಿ ಮನೆಯಿಂದ ಹೊರಗೆ ಹೋಗಿಬಿಡುತ್ತಾರೆ ಎಂದು ನನಗೆ ಹೆದರಿಕೆ ಹುಟ್ಟಿತು. ಅವರನ್ನು ಹೊರಗೆ ಹಾಕಿದವನು ನಾನೇ ಎಂಬುದೂ ಗೊತ್ತಿತ್ತು.

ಅವತ್ತೇ ಹೆಂಡತಿ ಒಂದು ದಾರಿ ಹೇಳಿದಳು. ಮಡಿಗೆ ಪಟ್ಟೆ ಸೀರೆ, ಎಂದರೆ ರೇಷ್ಮೆ, ಆಗುತ್ತದೆ. ಅತ್ತೆಯದೇ ಹಳೆಯ ಪಟ್ಟೆಯ ತುಂಡಿನಲ್ಲಿ ಮೆತ್ತೆ ಹೊಲಿಸಿದರೆ ಬೇಡ ಅನ್ನಲಿಕ್ಕಿಲ್ಲ. ರೆಕ್ಸಿನ್ ಮೆತ್ತೆ ಕಿತ್ತ ಹೆಡ್‌ಫೋನನ್ನೂ ಆ ತುಂಡನ್ನೂ ಹಿಡಿದುಕೊಂಡು ಉಡುಪಿಯಲ್ಲಿ ಮೂರು ದರ್ಜಿಗಳನ್ನು ಕಂಡೆ. ಒಬ್ಬನಿಗೆ ಮದುವೆ ಬ್ಲೌಸಿನ ಅವಸರ. ಇನ್ನೊಬ್ಬ ಹೆಡ್‌ಫೋನನ್ನೂ ನನ್ನನ್ನೂ ನೋಡಿ, ಇದು ನಮ್ಮ ಲೈನ್ ಅಲ್ಲ ಎಂದ. ಮೂರನೆಯವನು ತಲೆಯೆತ್ತಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಮೂವರಿಗೂ ಮನಸ್ಸಿನಲ್ಲೇ ಸಹಸ್ರನಾಮ ಹೇಳುತ್ತ ಬಸ್ ಸ್ಟ್ಯಾಂಡಿಗೆ ಬಂದಾಗ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು.

ಸ್ಟ್ಯಾಂಡಿನ ಮೂಲೆಯಲ್ಲಿ ಕೊಡೆ ಕಟ್ಟಿಕೊಂಡು ಚಪ್ಪಲಿ ಹೊಲಿಯುವವನೊಬ್ಬ ಕೂರುತ್ತಾನೆ. ಬಿಜಾಪುರದ ಕಡೆಯವನು, ನನ್ನದೇ ವಯಸ್ಸು. ವರ್ಷಗಟ್ಟಲೆ ಅವನ ಮುಂದೆಯೇ ಬಸ್ಸು ಹತ್ತಿದ್ದೇನೆ, ಮಾತಾಡಿಸಿದವನಲ್ಲ. ಚಪ್ಪಲಿ ಹೊಲಿಯುತ್ತ ಅವನು ನನ್ನ ಕೈಯಲ್ಲಿದ್ದುದನ್ನು ನೋಡಿದ.

"ಅದಕ್ಕೇನಾಗೇತ್ರಿ ಸರ?"

ಇವನಿಗೆ ಎಂತ ಗೊತ್ತಾದೀತು ಎಂಬ ಧಾಟಿಯಲ್ಲೇ ಹೇಳಿದೆ. ಮೆತ್ತೆ, ಮಡಿ, ಚರ್ಮ, ಪಟ್ಟೆ, ಎಲ್ಲ. ಅವನು ನಗಲಿಲ್ಲ. ಹೆಡ್‌ಫೋನು ತೆಗೆದುಕೊಂಡು ಬಟ್ಟಲಿನ ತೋಡಿನೊಳಗೆ ಉಗುರು ಆಡಿಸಿದ, ತನ್ನ ಕಿವಿಗೇ ಇಟ್ಟು ನೋಡಿದ.

"ಅಜ್ಜಿ ಕಿವಿ ದೊಡ್ಡವೇನ್ರಿ?"

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಓಲೆ ಹಾಕಿ ಹಾಕಿ ಜೋತುಬಿದ್ದಿವೆ ಎಂದೆ.

"ಹಂಗಾದ್ರ ಒಳಗ ಜಾಗ ಜಾಸ್ತಿ ಬಿಡಬೇಕ್ರಿ. ಮ್ಯಾಲಿನ ಬಟ್ಟಿಗೆ ಇಲಾಸ್ಟಿಕ್ ಹಾಕ್ತೀನಿ. ದಿನಾ ತಗದು ಒಗದು ಹಾಕಿದ್ರ ಅವರಿಗೆ ಮಡಿ ಆಗ್ತೈತಿ. ಮಡಿಯವರಿಗೆ ಒಗಿಯಾಕ ಬರಬೇಕಲ್ರಿ."

ಎರಡು ದಿನದಲ್ಲಿ ಮಾಡಿಕೊಟ್ಟ. ಹೊಸ ಸ್ಪಂಜು, ಅದಕ್ಕೆ ಪಟ್ಟೆಯ ಗವಸು, ಬದಲಾಯಿಸಲು ಇನ್ನೊಂದು ಜೊತೆ. ಹೊಲಿಗೆ ಕಣ್ಣಿಗೆ ಬೀಳದಷ್ಟು ಸಣ್ಣದು. ತಪ್ಪು ಹುಡುಕುವುದೇ ಉದ್ಯೋಗವಾದ ನಾನು ಎರಡು ಸಲ ತಿರುಗಿಸಿ ನೋಡಿದೆ, ಸಿಗಲಿಲ್ಲ.

ಅತ್ತೆ ಗವಸನ್ನು ಕಳಚಿ, ಒಗೆದು, ಒಣಗಿಸಿ, ಮತ್ತೆ ತೊಡಿಸಿ ಕಿವಿಗಿಟ್ಟುಕೊಂಡರು. ರೇಡಿಯೋ ಮೇಲಿನ ಬಟ್ಟೆ ತೆಗೆದರು. ಆಮೇಲೆ ಯಾವನೋ ಮಂತ್ರಿಗೆ ಬೈಗಳು ಶುರುವಾಯಿತು. ಹೆಂಡತಿ ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಸಂಜೆ ಅತ್ತೆ ಗವಸಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕೇಳಿದರು. "ಯಾರ ಕೈ ಇದು? ಇಷ್ಟು ಚೆಂದದ ಹೊಲಿಗೆ ನಾನು ನೋಡ್ಲಿಲ್ಲ."

"ಉಡುಪಿಯಲ್ಲೊಬ್ಬ ದರ್ಜಿ" ಎಂದೆ. ಅವರ ಮನಸ್ಸಿನ ನೆಮ್ಮದಿಗಾಗಿ ಹೇಳಿದ ಸುಳ್ಳು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಈ ಮಡಿಯವರ ಜೊತೆ ಬಾಳಬೇಕಾದರೆ ಸುಳ್ಳು ಹೇಳದೆ ಗತಿಯೇ ಇಲ್ಲ, ತಪ್ಪು ಅವರದು ಎಂದೂ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಬಹಳ ಸುಖವಾಗಿತ್ತು.

ಮರುದಿನ ಅತ್ತೆ ಎಳ್ಳುಂಡೆ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿ ಬಾಗಿಲ ಬಳಿ ಇಟ್ಟರು. "ಆ ದರ್ಜಿಗೆ ಕೊಡು. ಡಬ್ಬಿ ಸಮೇತ ಕೊಡು, ಆಯ್ತಾ? ಅಲ್ಲೇ ಖಾಲಿ ಮಾಡಿಸಿ ತರ್ಬೇಡ, ಅದು ಮರ್ಯಾದೆ ಅಲ್ಲ."

ಮಣಿಪಾಲದಿಂದ ಬರುವಾಗ ಉಡುಪಿಯಲ್ಲಿ ಇಳಿದು ಅವನ ಹತ್ತಿರ ಹೋದೆ. ಅಜ್ಜಿ ಕಳಿಸಿದ್ದಾರೆ ಎಂದೆ. ಅವನ ಮುಖದಲ್ಲಿ ಸಂತೋಷ ಎದ್ದು ಕಂಡಿತು.

"ನಾ ಮಾಡೀನಿ ಅಂತ ಹೇಳೀರೇನ್ರಿ?"

"ಹೇಳಿದ್ದೇನೆ" ಎಂದೆ.

ಅವನು ತಲೆಯಾಡಿಸಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮಗ್ಗುಲಲ್ಲಿದ್ದ ಹಳೆಯ ಪೇಪರಿನ ಒಂದು ಹಾಳೆ ಎಳೆದು ನನ್ನ ಮುಂದೆ ಹಾಸಿದ. "ಇದರಾಗ ಹಾಕ್ರಿ ಸರ" ಎಂದ.

ನಾನು ಡಬ್ಬಿಯ ಮುಚ್ಚಳ ತೆಗೆದೆ. ಉಂಡೆಗಳನ್ನು ಪೇಪರಿನ ಮೇಲೆ ಸುರಿದೆ, ಡಬ್ಬಿ ಪೇಪರಿಗೂ ತಾಗದ ಹಾಗೆ ಸ್ವಲ್ಪ ಎತ್ತರದಿಂದ. ಅವನು ಒಂದನ್ನು ಬಾಯಿಗೆ ಹಾಕಿಕೊಂಡು, "ಭಾಳ ಚಲೋ ಅದಾವ್ರಿ" ಎಂದ. ನಾನು ಮುಚ್ಚಳ ಹಾಕಿ, ಡಬ್ಬಿಯನ್ನು ಚೀಲಕ್ಕೆ ಸೇರಿಸಿ, ಬಂದ ಬಸ್ಸು ಹತ್ತಿದೆ.

ಬಸ್ಸು ಕಟಪಾಡಿ ದಾಟುವಾಗ ಖಾಲಿ ಡಬ್ಬಿ ಚೀಲದಲ್ಲಿ ಕಟಕಟ ಎನ್ನತೊಡಗಿತು. ಆಗ ಹೊಳೆಯಿತು, ನಾನು ಮಾಡಿದ್ದು ಏನೆಂದು. ಡಬ್ಬಿ ಸಮೇತ ಕೊಡು ಎಂದು ಮಡಿಯ ಅತ್ತೆಯೇ ಹೇಳಿದ್ದರು. ಯಾರೂ ನೋಡುತ್ತಿರಲಿಲ್ಲ, ಯಾರೂ ಬೇಡ ಎಂದಿರಲಿಲ್ಲ. ಒಂದು ಕ್ಷಣ ಯೋಚಿಸಿ ಮಾಡಿದ್ದರೂ ಅಷ್ಟು ಕೆಟ್ಟದಾಗುತ್ತಿರಲಿಲ್ಲ. ಯೋಚನೆಯೇ ಇರಲಿಲ್ಲ, ಕೈ ತಾನಾಗಿಯೇ ಮಾಡಿತು. ಅವನಿಗೆ ಅದು ಮೊದಲೇ ಗೊತ್ತಿತ್ತು, ಹಾಗಾಗಿ ಪೇಪರು ಹಾಸಿದ. ಅತ್ತೆಗೆ ಹೇಳಿದ್ದೇನೆ ಎಂಬ ನನ್ನ ಮಾತನ್ನು ಅವನು ನಂಬಿರಲಿಕ್ಕೂ ಇಲ್ಲ. ಥೂ ಎಂದು ಉಗಿಯಬೇಕೆನಿಸಿತು, ಉಗಿಯಲು ಆ ಬಸ್ಸಿನಲ್ಲಿ ನಾನಲ್ಲದೆ ಬೇರೆ ಯಾರೂ ಸಿಗಲಿಲ್ಲ.

ಮನೆಗೆ ಬಂದು ಡಬ್ಬಿಯನ್ನು ಬಾಗಿಲ ಬಳಿ ಇಟ್ಟೆ. ಅತ್ತೆ ಒಳಗಿನಿಂದ ನೋಡಿದರು.

"ಡಬ್ಬಿ ಯಾಕೆ ವಾಪಸ್ ತಂದೆ?"

"ಅವನೇ ಬೇಡ ಎಂದ" ಎಂದೆ.

ಅತ್ತೆಗೆ ಕೇಳಿಸಲಿಲ್ಲ. ಎಂತ ಎಂದು ಕಿವಿಯ ಹಿಂದೆ ಕೈಯಿಟ್ಟು ಹತ್ತಿರ ಬಂದರು. ಇನ್ನೊಂದು ಸಲ, ಆಚೆ ಮನೆಯವರಿಗೂ ಕೇಳುವ ಹಾಗೆ, ಕೂಗಿ ಹೇಳಬೇಕಾಯಿತು.