ಹನ್ನೆರಡು ಕಿಸೆಯ ಮಾಷ್ಟ್ರು

ಮೋಹನ ಮಾಷ್ಟ್ರ ಪ್ಯಾಂಟಿಗೆ ಹನ್ನೆರಡು ಕಿಸೆಗಳಿದ್ದವು. ದಿಕ್ಸೂಚಿ, ಸೀಟಿ, ಚೂರಿ, ಹಗ್ಗದ ತುಂಡು ಎಲ್ಲ ಅವುಗಳಲ್ಲಿ. ಬೇಕಾದ್ದು ಮಾತ್ರ ಯಾವಾಗಲೂ ಕೊನೆಗೆ ತಡಕಿದ ಕಿಸೆಯಲ್ಲೇ. ನಮ್ಮ ಕುಂಬ್ಡಾಜೆಯ ಶಾಲೆಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದವರು ಎಲ್ಲಿಯೋ ಮೂರು ದಿನದ ತರಬೇತಿ ಮುಗಿಸಿ ಬಂದು ಸಾಹಸ ಶಿಬಿರ ಶುರುಮಾಡಿದರು. ಮಕ್ಕಳಿಗೆ ಹಗ್ಗ ಹಿಡಿಸಿ ಗುಡ್ಡ ಹತ್ತಿಸುತ್ತಾ, "ಭಯಕ್ಕೆ ಇಲ್ಲಿ ಅಡ್ಮಿಷನ್ ಇಲ್ಲ!" ಎಂದು ಕೂಗುತ್ತಿದ್ದರು. ಅದೇ ಗುಡ್ಡದಿಂದ ಹುಲ್ಲಿನ ಕಟ್ಟು ಹೊತ್ತು ಬರಿಗಾಲಲ್ಲಿ ಇಳಿಯುತ್ತಿದ್ದ ನನಗೆ, "ಸೈಡಿಗೆ ನಿಲ್ಲಿ ಅಕ್ಕ, ಇದು ಡೇಂಜರ್ ಝೋನ್" ಎಂದರು.

ಒಂದು ವರ್ಷ ಅವರ ಕಣ್ಣು ನಮ್ಮ ಸುರಂಗದ ಮೇಲೆ ಬಿತ್ತು. ನೀರಿಗಾಗಿ ನನ್ನ ಮಾವ ಗುಡ್ಡಕ್ಕೆ ಅಡ್ಡಲಾಗಿ ಕೊರೆಸಿದ್ದು. ಬೋರ್‌ವೆಲ್ ಬಂದ ಮೇಲೆ ಅದರೊಳಗೆ ಯಾರೂ ಹೋದದ್ದಿಲ್ಲ. ಮಕ್ಕಳನ್ನು ಅದರೊಳಗೆ ಕರಕೊಂಡು ಹೋಗ್ಲಾ ಎಂದು ಮಾಷ್ಟ್ರು ಕೇಳಿದಾಗ ನಮ್ಮವರು ಪೇಪರಿನಿಂದ ತಲೆ ಎತ್ತದೆ "ಆಗ್ಲಿ" ಅಂದುಬಿಟ್ಟಿದ್ದರು. ಮಕ್ಕಳಿಗೆ ಅವಲಕ್ಕಿ ಒಯ್ದಾಗಲೇ ನನಗೆ ಗೊತ್ತಾದದ್ದು. ಒಂದೇ ಹಗ್ಗಕ್ಕೆ ಸಾಲಾಗಿ ಸೊಂಟ ಬಿಗಿದುಕೊಂಡ ಮಕ್ಕಳು. ಮೂರನೆಯವಳು ನನ್ನ ಮಗಳು ಶ್ರಾವ್ಯ.

"ಮಾಷ್ಟ್ರೇ, ಚಿಮಿಣಿ ದೀಪ ಎಲ್ಲುಂಟು?"

"ಎಂತಕ್ಕೆ ಅಕ್ಕ? ನನ್ನ ಟಾರ್ಚು ಬಿಟ್ರೆ ಮಧೂರಿನವರೆಗೆ ಕಾಣ್ತದೆ."

"ಬೆಳಕಿಗಲ್ಲ ಮಾರಾಯ್ರೆ. ಒಳಗೆ ಉಸಿರಾಡುವ ಗಾಳಿ ಉಂಟಾ ಅಂತ ನೋಡ್ಲಿಕ್ಕೆ. ದೀಪ ನಂದಿದಲ್ಲಿಗೆ ಮನುಷ್ಯ ಹೋಗ್ಲಿಕ್ಕಿಲ್ಲ."

ಮಾಷ್ಟ್ರು ನಕ್ಕರು. ಮಕ್ಕಳೂ ನಕ್ಕರು. "ಅಮ್ಮ, ನನ್ನ ಮರ್ಯಾದೆ ತೆಗಿಬೇಡ" ಎಂದಳು ಶ್ರಾವ್ಯ.

"ಮರ್ಯಾದೆ ಹೋದ್ರೆ ಪುನಃ ಬರ್ತದೆ" ಎಂದು ಅಡುಗೆಮನೆಗೆ ಓಡಿ, ಮೊಳೆಯಲ್ಲಿದ್ದ ದೀಪ ತಂದು ಹೊತ್ತಿಸಿ, ತೆಂಗಿನಕಾಯಿ ಕೀಳುವ ದೋಟಿಯ ತುದಿಗೆ ಕಟ್ಟಿ ಸುರಂಗದೊಳಗೆ ನೀಡಿದೆ. ದೋಟಿ ಪೂರ್ತಿ ಹೋಗುವ ಮೊದಲೇ ದೀಪ ನಂದಿತು.

"ಗಾಳಿಗೆ ನಂದಿದ್ದು" ಎಂದರು ಮಾಷ್ಟ್ರು.

ಪುನಃ ಹೊತ್ತಿಸಿ ದೋಟಿಯನ್ನು ಅವರ ಕೈಗೇ ಕೊಟ್ಟೆ. ಅದೇ ಜಾಗಕ್ಕೆ ತಲುಪಿದಾಗ ಪುನಃ ನಂದಿತು. ಈ ಸಲ ಅವರು ದೋಟಿ ಅಲ್ಲೇ ಬಿಟ್ಟು ಮಕ್ಕಳನ್ನು ಸುರಂಗದ ಬಾಯಿಯಿಂದ ದೂರ ಎಳೆದರು. ಶ್ರಾವ್ಯಳ ಸೊಂಟದ ಗಂಟು ಬಿಚ್ಚಿ, ಮಕ್ಕಳ ತಲೆಗಳನ್ನು ಎರಡೆರಡು ಸಲ ಎಣಿಸಿದರು. ಭಯಕ್ಕೆ ಅಂತೂ ಅಡ್ಮಿಷನ್ ಸಿಕ್ಕಿತು. ಅಲ್ಲಿಯೇ ನಿಂತು ಮಧೂರು ಗಣಪತಿಗೆ ಅಪ್ಪಕಜ್ಜಾಯದ ಹರಕೆ ಹೇಳಿಕೊಂಡೆ.

ಮರುವರ್ಷದ ಶಿಬಿರಕ್ಕೆ ಮಾಷ್ಟ್ರು ನನ್ನದೇ ದೀಪ ಕೇಳಿ ಒಯ್ದರು. ಅದನ್ನು ಎತ್ತಿ ಹಿಡಿದು, "ಇದು ವಾಯು ಪರೀಕ್ಷಾ ಉಪಕರಣ. ನಮ್ಮ ಶಿಬಿರದಲ್ಲಿ ನಾನೇ ಜಾರಿಗೆ ತಂದದ್ದು" ಎಂದು ಭಾಷಣ ಬಿಗಿದರು. ನಾನು ಬಾಯಿ ಮುಚ್ಚಿ ಅವಲಕ್ಕಿ ಬಡಿಸಿದೆ. ಹೆಸರು ಯಾರದ್ದಾದರೇನು, ಮಕ್ಕಳು ಸುರಂಗದ ಹೊರಗೆ ನಿಂತಿದ್ದರಲ್ಲ, ಅಷ್ಟು ಸಾಕು.

ಹೋದ ವರ್ಷ ಅವರಿಗೆ ತೆಂಕು ದಿಕ್ಕಿನ ದೂರದ ಊರಿಗೆ ವರ್ಗವಾಯಿತು. ಹೊರಡುವ ಮೊದಲು ಮನೆಗೆ ಬಂದು, "ಅಕ್ಕ, ಆ ದೀಪ ನಾನು ಕೊಂಡೋಗ್ಲಾ? ಅಲ್ಲಿಯ ಮಕ್ಕಳಿಗೂ ಬೇಕಾಗ್ತದೆ" ಎಂದರು.

"ಕೊಂಡೋಗಿ. ಇದನ್ನು ಕಲಿಸಿದ್ದು ಯಾರು ಅಂತ ಅಲ್ಲಿ ಕೇಳಿದ್ರೆ ಎಂತ ಹೇಳ್ತೀರಿ?"

ಮಾಷ್ಟ್ರು ಉತ್ತರಕ್ಕಾಗಿ ಹನ್ನೆರಡು ಕಿಸೆಗಳನ್ನೂ ತಡಕಿದರು. ಆದರೂ ಕೊಟ್ಟೆ, ಬತ್ತಿ ಹೊಸತು ಹಾಕಿಯೇ ಕೊಟ್ಟೆ.

ಅಡುಗೆಮನೆಯ ಗೋಡೆಯಲ್ಲಿ ಈಗ ಖಾಲಿ ಮೊಳೆ, ಅದರ ಮೇಲೆ ಮಸಿಯ ಗುರುತು. ಮನೆಗೆಲ್ಲ ಸುಣ್ಣ ಹೊಡೆದಾಗಲೂ ಅಷ್ಟು ಜಾಗ ಹಾಗೆಯೇ ಬಿಡಿಸಿದ್ದೇನೆ.